ಗುಹೆಯೊಳಗೆ ಕಣ್ಣಿಲ್ಲದ ಮೀನು ಸಿಕ್ಕಿದೆ. ಹೊಸ ಪ್ರಭೇದ ಹೌದೋ ಅಲ್ಲವೋ, ನಿರ್ಧಾರ ಹೇಗೆ?

ಗುಹೆಯಾತ್ರಿ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗುಹೆಗಳ ಒಳಗೆ ಹೋಗಿ, ಅಳತೆ ಹಿಡಿದು ನಕ್ಷೆ ಬರೆಯುತ್ತೇವೆ. ಇದು ನಮ್ಮ ಹವ್ಯಾಸ. ನಮ್ಮಲ್ಲಿ ಯಾರೂ ಜೀವಶಾಸ್ತ್ರ ಓದಿದವರಲ್ಲ. ಹೋದ ತಿಂಗಳು ಒಂದು ಸುಣ್ಣಕಲ್ಲಿನ ಗುಹೆಯಲ್ಲಿ ಮೂರು ಗಂಟೆ ತೆವಳಿ, ಇಕ್ಕಟ್ಟಿನ ಸಂದಿಯೊಂದನ್ನು ದಾಟಿದ ಮೇಲೆ ನೀರಿನ ಮಡು ಸಿಕ್ಕಿತು. ಮೊಣಕಾಲು ಮುಳುಗುವಷ್ಟು ನೀರು, ತಳ ಪೂರ್ತಿ ಕಾಣುವಷ್ಟು ತಿಳಿ. ದೀಪ ಬಿಟ್ಟು ನೋಡಿದರೆ ಕೆಳಗೆ ಬಿಳಿ ದಾರದ ತುಂಡುಗಳ ಹಾಗೆ ಏನೋ ಹರಿದಾಡುತ್ತಿತ್ತು. ಮೀನು!

ಹನ್ನೊಂದು ಎಣಿಸಿದೆವು. ಬೆರಳುದ್ದ ಇದ್ದವು. ಬಿಳಿ ಮೈ, ಒಳಗಿನ ರಕ್ತದಿಂದ ತುಸು ಗುಲಾಬಿ. ಕಿವಿರಿನ ಹತ್ತಿರ ಚೆನ್ನಾಗಿ ಕೆಂಪು. ಬಾಯಿಯ ಸುತ್ತ ಮೂರು ಜೊತೆ ಮೀಸೆ. ಕಣ್ಣು ಇರಬೇಕಾದ ಜಾಗದಲ್ಲಿ ಬರೀ ಚರ್ಮ. ದೀಪವನ್ನು ಮುಖಕ್ಕೇ ಹಿಡಿದರೂ ಅಲ್ಲಾಡಲಿಲ್ಲ. ಆದರೆ ನಾನು ಒಂದು ಬೆರಳು ನೀರಿಗೆ ಇಟ್ಟ ಕೂಡಲೇ ಎಲ್ಲವೂ ಚದುರಿಹೋದವು.

ಒಂದನ್ನೂ ಹಿಡಿಯಲಿಲ್ಲ. 40 ಫೋಟೋ, ಎರಡು ವಿಡಿಯೋ ಇವೆ. ಈಗ ನಮ್ಮ ತಂಡದಲ್ಲೇ ಜಗಳ. ಒಬ್ಬರು "ಇದು ಹೊಸದೇ, ಹೆಸರಿಟ್ಟುಬಿಡೋಣ" ಅನ್ನುತ್ತಾರೆ. ಇನ್ನೊಬ್ಬರು "ಯಾರಿಗೂ ಹೇಳದೆ ಸುಮ್ನೆ ಬಿಟ್ಟುಬಿಡೋಣ" ಅನ್ನುತ್ತಾರೆ. ಹೊಸದು ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಮುಂದೆ ಏನು ಮಾಡಬೇಕು?

ನೀರಹನಿ:
ಓದಿಯೇ ಮೈ ಜುಮ್ಮೆಂದಿತು. ಫೋಟೋ ಹಾಕಿ, ದಯವಿಟ್ಟು!

ಕತ್ತಲೆಕೋಣೆ:
ಕಣ್ಣೇ ಇಲ್ಲ ಅಂದ ಮೇಲೆ ಹೊಸದೇ ಅಲ್ವಾ? ಹೊರಗಿನ ಹೊಳೆಯ ಮೀನಿಗೆ ಕಣ್ಣಿದೆ, ಇದಕ್ಕಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಸಾಲದೇ?

ಮೀನೆಣಿಕೆ:
ಸಾಲದು. ಗುಹೆ ಮೀನಿನ ವಿಷಯದಲ್ಲಿ ಜನ ಎಡವುವುದೇ ಇಲ್ಲಿ. ನಾನು ಹತ್ತು ವರ್ಷದಿಂದ ಮೀನಿನ ಹುರುಪೆ, ಈಜುರೆಕ್ಕೆ ಎಣಿಸುವ ಕೆಲಸದಲ್ಲಿದ್ದೇನೆ. ಕಣ್ಣು ಹೋಗಿರುವುದು, ಬಣ್ಣ ಹೋಗಿರುವುದು, ಇವೆರಡನ್ನೇ ನಂಬಿ ಪ್ರಭೇದ ಬೇರೆ ಮಾಡಬಾರದು. ಕತ್ತಲಲ್ಲಿ ಬಾಳುವ ಎಷ್ಟೋ ಬೇರೆ ಬೇರೆ ವಂಶದ ಮೀನುಗಳು ತಾವಾಗಿಯೇ ಒಂದೇ ರೂಪಕ್ಕೆ ಬರುತ್ತವೆ.

ಮೆಕ್ಸಿಕೋದ ಕುರುಡು ಮೀನಿನ ಕತೆ ಕೇಳಿ. 1936ರಲ್ಲಿ ಅದಕ್ಕೆ ಆನಾಪ್ಟಿಕ್ತಿಸ್ ಜೋರ್ಡಾನಿ ಅಂತ ಹೆಸರಿಟ್ಟರು. ಬರೀ ಹೊಸ ಪ್ರಭೇದವಲ್ಲ, ಅದಕ್ಕಾಗಿ ಹೊಸ ಕುಲವನ್ನೇ ಮಾಡಿದರು. ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಬೇರೆ ಗುಹೆಗಳಿಂದ ಅದೇ ಕುಲಕ್ಕೆ ಇನ್ನೆರಡು ಸೇರಿದವು. ಆಮೇಲೆ ನೋಡಿದರೆ ಅವು ಪಕ್ಕದ ಹೊಳೆಯ ಕಣ್ಣಿರುವ ಮೀನಿನ ಜೊತೆ ಕೂಡಿ ಮರಿ ಮಾಡುತ್ತವೆ, ಆ ಮರಿಗಳೂ ಮರಿ ಮಾಡುತ್ತವೆ! ಈಗ ಹೆಚ್ಚಿನವರು ಎಲ್ಲವನ್ನೂ ಒಟ್ಟಿಗೆ ಆಸ್ಟಿಯಾನಾಕ್ಸ್ ಮೆಕ್ಸಿಕಾನಸ್ ಅನ್ನುತ್ತಾರೆ. ಸುಮಾರು 30 ಗುಹೆಗಳಲ್ಲಿ ಅದರ ಕುರುಡು ರೂಪ ಇದೆ.

ಗುಹೆಯಾತ್ರಿ ಅವರೇ, ಮೂರು ಜೊತೆ ಮೀಸೆ ಅಂದಿರಿ. ಲೋಚ್ ಗುಂಪಿನ ಮೀನು ಇರಬಹುದು, ಅಂದರೆ ಹೊಳೆಯ ತಳದಲ್ಲಿ ಬಾಳುವ ಮೀಸೆಯ ಸಣ್ಣ ಮೀನು. ಆ ಗುಹೆಯ ನೀರು ಎಲ್ಲಿ ಹೊರಬರುತ್ತದೆ? ಅಲ್ಲಿನ ಹೊಳೆಯಲ್ಲಿ ಲೋಚ್ ಇದೆಯೇ? ಮೊದಲು ಅದನ್ನು ನೋಡಿ.

ಕತ್ತಲೆಕೋಣೆ:
ಒಪ್ಪುವುದು ಕಷ್ಟ. ಕಣ್ಣು ಅಂದರೆ ಮೈಮೇಲಿನ ಮಚ್ಚೆಯಂಥ ಸಣ್ಣ ವಿಷಯವೇ? ಮರಿ ಮಾಡುತ್ತವೆ ಅಂದ ಮಾತ್ರಕ್ಕೆ ಎರಡೂ ಒಂದೇ ಹೇಗಾಗುತ್ತವೆ? ಸಿಂಹ, ಹುಲಿಯೂ ಬೋನಿನಲ್ಲಿ ಕೂಡಿ ಮರಿ ಮಾಡುತ್ತವೆ.

ಮೀನೆಣಿಕೆ:
ಅದು ಸರಿಯಾದ ಪ್ರಶ್ನೆಯೇ. ಗುಹೆಯ ಮೀನನ್ನು ಈಗಲೂ ಆಸ್ಟಿಯಾನಾಕ್ಸ್ ಜೋರ್ಡಾನಿ ಅಂತ ಬೇರೆಯಾಗಿ ಇಡುವವರು ಇದ್ದಾರೆ. ಪ್ರಭೇದ ಅಂದರೆ ಏನು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕಾಡಿನಲ್ಲಿ, ಹೊಳೆಯಲ್ಲಿ, ತಮ್ಮಷ್ಟಕ್ಕೆ ಕೂಡುತ್ತವೆಯೇ ಅಂತ ಕೆಲವರು ಕೇಳುತ್ತಾರೆ. ತಮ್ಮದೇ ದಾರಿಯಲ್ಲಿ ಎಷ್ಟು ಕಾಲದಿಂದ ಬೇರೆಯಾಗಿ ನಡೆದಿವೆ ಅಂತ ಇನ್ನು ಕೆಲವರು ಕೇಳುತ್ತಾರೆ. ನನ್ನ ಹಠ ಇಷ್ಟೇ: ಎರಡು ಮೂರು ಬೇರೆ ಬೇರೆ ಸಾಕ್ಷಿ ಒಂದೇ ಕಡೆ ಬೆರಳು ತೋರಿಸಬೇಕು. ಮೂಳೆ ಒಂದು ಹೇಳಿ ಡಿಎನ್‌ಎ ಇನ್ನೊಂದು ಹೇಳಿದರೆ ಕಾಯಬೇಕು.

ಜೀನ್‌ಜಾಡು:
ಮೀನೆಣಿಕೆ ಹೇಳಿದ್ದರ ಇನ್ನೊಂದು ಮುಖವನ್ನೂ ಹೇಳುತ್ತೇನೆ. ಬೇರೆ ಕಂಡದ್ದು ಒಂದೇ ಆಗಿರಬಹುದು ಅಂದರು. ಒಂದೇ ಅಂದುಕೊಂಡದ್ದು ಎರಡೂ ಆಗಿರಬಹುದು!

ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯ ಕುರುಡು ಮೀನಿಗೆ 1842ರಲ್ಲಿ ಆಂಬ್ಲಿಯಾಪ್ಸಿಸ್ ಸ್ಪೆಲಿಯಾ ಅಂತ ಹೆಸರಿಟ್ಟರು. ಓಹಾಯೋ ನದಿಯ ಆಚೆ ಇಂಡಿಯಾನಾದ ಗುಹೆಗಳಲ್ಲೂ ಅದೇ ಮೀನು ಇದೆ ಅಂತ ಎಲ್ಲರೂ ನಂಬಿದ್ದರು. 2014ರಲ್ಲಿ ಇಂಡಿಯಾನಾದ್ದು ಬೇರೆ ಪ್ರಭೇದ ಅಂತ ತೋರಿಸಿದರು, ಆಂಬ್ಲಿಯಾಪ್ಸಿಸ್ ಹೂಸಿಯರಿ. 172 ವರ್ಷ ಎರಡನ್ನೂ ಒಂದೇ ಹೆಸರಿಂದ ಕರೆದಿದ್ದೆವು. ಇಂಡಿಯಾನಾದ ಮೀನಿನ ಮೈ ಇನ್ನಷ್ಟು ದುಂಡು. ನನಗೆ ತುಂಬ ಇಷ್ಟವಾದ ವಿಷಯ ಬೇರೆ. ಬೆಳಕು ಹಿಡಿಯಲು ಬೇಕಾದ ರೊಡಾಪ್ಸಿನ್ ಜೀನ್ ಈ ಕುರುಡು ಮೀನಿನಲ್ಲಿ ಇನ್ನೂ ಕೆಡದೆ ಉಳಿದಿದೆ. ಕೆಂಟಕಿಯ ನೆಂಟನಲ್ಲಿ ಅದು ಕೆಟ್ಟುಹೋಗಿದೆ. ಮೇಲಿನಿಂದ ನೋಡಿದರೆ ಎರಡೂ ಬಿಳಿ, ಎರಡೂ ಕುರುಡು.

ಇರಾನಿನ ಲೊರೆಸ್ತಾನದಲ್ಲಿ ಒಂದೇ ಗುಹೆಯ ನೀರಿನಲ್ಲಿ ಎರಡು ಬಗೆಯ ಕುರುಡು ಗಾರಾ ಮೀನು ಈಜುತ್ತವೆ. ಒಂದಕ್ಕೆ ಗದ್ದದ ಕೆಳಗೆ ಹೀರಿ ಹಿಡಿಯುವ ತಟ್ಟೆ ಇದೆ, ಇನ್ನೊಂದಕ್ಕಿಲ್ಲ. ಬಹಳ ಕಾಲ ಒಂದೇ ಪ್ರಭೇದದ ಎರಡು ರೂಪ ಅಂದುಕೊಂಡಿದ್ದರು. 2016ರಲ್ಲಿ ತಟ್ಟೆ ಇರುವುದಕ್ಕೆ ಬೇರೆ ಹೆಸರು ಬಂತು. ಹಾಗಾಗಿ ಗುಹೆಯಾತ್ರಿ ಅವರೇ, ನೀವು ನೋಡಿದ ಹನ್ನೊಂದೂ ಒಂದೇ ಬಗೆ ಅಂತಲೂ ಈಗಲೇ ಅಂದುಕೊಳ್ಳಬೇಡಿ.

ಅಕ್ವೇರಿಯಂಮನೆ:
ನನ್ನ ಹತ್ತಿರ ಆ ಮೆಕ್ಸಿಕೋ ಕುರುಡು ಮೀನು ಆರು ವರ್ಷದಿಂದ ಇವೆ. ಸಾಕಲು ಸುಲಭ. ತೊಟ್ಟಿಯಲ್ಲಿ ಕಲ್ಲಿನ ಜಾಗ ಬದಲಾಯಿಸಿದ ದಿನ ಹತ್ತಿರ ಹತ್ತಿರ ಹೋಗಿ ಪದೇ ಪದೇ ಸುತ್ತುತ್ತವೆ. ಸ್ವಲ್ಪ ಹೊತ್ತಿನ ಮೇಲೆ ದಾರಿ ಗೊತ್ತಾದವರ ಹಾಗೆ ನಡುವೆ ಓಡಾಡುತ್ತವೆ. ಗಾಜಿಗೆ ಡಿಕ್ಕಿ ಹೊಡೆದದ್ದು ನಾನು ನೋಡಿಲ್ಲ. ಇದು ಹೇಗೆ ಸಾಧ್ಯ ಅಂತ ಯಾರಾದರೂ ಹೇಳುತ್ತೀರಾ?

ತೊರೆದಂಡೆ:
ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ಅದರಲ್ಲಿ ನೀರಿನ ಒತ್ತಡ ಗುರುತಿಸುವ ಪುಟ್ಟ ಅಂಗಗಳು. ಮೀನು ಈಜುವಾಗ ಅದರ ಮುಂದಿನ ನೀರು ಕಲ್ಲಿಗೆ ತಾಕಿ ಒತ್ತಡ ಬದಲಾಗುತ್ತದೆ. ಅದನ್ನೇ ಓದುತ್ತದೆ. ಗುಹೆ ಮೀನುಗಳಲ್ಲಿ ಈ ಅಂಗಗಳು ತಲೆಯ ಮೇಲೆ ಜಾಸ್ತಿ, ದೊಡ್ಡವೂ ಹೌದು. ಗುಹೆಯಾತ್ರಿ ಬೆರಳಿಟ್ಟ ಕೂಡಲೇ ಮೀನು ಓಡಿದ್ದು ಅದರಿಂದಲೇ.

ಪಾಠದಮೇಜು:
ನಾನು ಮಕ್ಕಳಿಗೆ ಪಾಠ ಮಾಡುವವಳು. ಕತ್ತಲಲ್ಲಿ ಕಣ್ಣು ಬಳಸದೆ ಬಳಸದೆ ಅದು ಸವೆದುಹೋಯಿತು, ಆ ಸವಕಲು ಮಕ್ಕಳಿಗೆ ಬಂತು ಅಂತಲೇ ಹೇಳಿಕೊಡುತ್ತಿದ್ದೆ. ಸರಿ ತಾನೇ?

ಜೀನ್‌ಜಾಡು:
ಇಲ್ಲ ಮೇಡಂ. ಆದರೆ 1859ರಲ್ಲಿ ಡಾರ್ವಿನ್ ಕೂಡ ಗುಹೆ ಪ್ರಾಣಿಗಳ ಕಣ್ಣಿನ ವಿಷಯದಲ್ಲಿ ಬಳಕೆ ಇಲ್ಲದ್ದೇ ಕಾರಣ ಅಂತ ಬರೆದಿದ್ದರು. ಜೀನ್ ಅಂದರೆ ಏನು ಅಂತ ಆಗ ಗೊತ್ತಿರಲಿಲ್ಲ. ಒಂದು ಮೀನು ಬದುಕಿಡೀ ಕತ್ತಲಲ್ಲಿ ಇದ್ದರೂ ಅದರ ಮರಿಗೆ ಅದರಿಂದ ಕಣ್ಣು ಕಡಿಮೆ ಆಗುವುದಿಲ್ಲ.

ಆಗುವುದು ಹೀಗೆ. ಕಣ್ಣನ್ನು ಕೆಡಿಸುವ ಜೀನ್ ಬದಲಾವಣೆ ಹೊಳೆಯಲ್ಲಿ ಬಂದರೆ ಆ ಮೀನು ಬದುಕುವುದಿಲ್ಲ. ಗುಹೆಯಲ್ಲಿ ಬಂದರೆ ನಷ್ಟ ಇಲ್ಲ. ಅಷ್ಟೇ ಅಲ್ಲ, ಲಾಭವೂ ಇದೆ. ಕಣ್ಣು ಮತ್ತು ಅದರ ಹಿಂದಿನ ಮೆದುಳಿನ ಭಾಗ ಬಹಳ ಶಕ್ತಿ ತಿನ್ನುತ್ತವೆ. 2015ರಲ್ಲಿ ಮೆಕ್ಸಿಕೋ ಮೀನಿನಲ್ಲಿ ಅಳೆದು ನೋಡಿದಾಗ, ನೋಟದ ಖರ್ಚು ಮೈಯ ವಿಶ್ರಾಂತಿ ಖರ್ಚಿನ ಶೇ. 5ರಿಂದ 15ರವರೆಗೆ ಇತ್ತು. ಮೀನು ಚಿಕ್ಕದಾದಷ್ಟೂ ಖರ್ಚು ಜಾಸ್ತಿ. ಊಟವೇ ಅಪರೂಪವಾದ ಜಾಗದಲ್ಲಿ ಇದು ದೊಡ್ಡ ಉಳಿತಾಯ.

ಇನ್ನೂ ಒಂದು. ಆ ಮೀನಿನ ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗುತ್ತದೆ. ಆಮೇಲೆ ಮಸೂರದ ಜೀವಕೋಶಗಳು ಸಾಯುತ್ತವೆ, ಕಣ್ಣು ಕುಗ್ಗಿ ಒಳಗೆ ಹೋಗುತ್ತದೆ. 2000ರಲ್ಲಿ ಹೊಳೆಯ ಮೀನಿನ ಭ್ರೂಣದ ಮಸೂರವನ್ನು ಗುಹೆ ಮೀನಿನ ಭ್ರೂಣಕ್ಕೆ ಕಸಿ ಮಾಡಿದರು. ಕಣ್ಣು ಬೆಳೆಯಿತು!

ಪಾಠದಮೇಜು:
ತುಂಬ ಥ್ಯಾಂಕ್ಸ್. ನಾಳೆಯ ಪಾಠದಲ್ಲೇ ತಿದ್ದಿ ಹೇಳುತ್ತೇನೆ. ಎರಡು ಬೇರೆ ಗುಹೆಯ ಕುರುಡು ಮೀನುಗಳನ್ನು ಕೂಡಿಸಿದರೆ ಮರಿಗೆ ಕಣ್ಣು ಬರುತ್ತದೆ ಅಂತ ಎಲ್ಲೋ ಕೇಳಿದ್ದೆ. ಅದು ನಿಜವೇ?

ಜೀನ್‌ಜಾಡು:
ಎಲ್ಲ ಮರಿಗಳಿಗೂ ಅಲ್ಲ, ಕೆಲವಕ್ಕೆ. 2008ರಲ್ಲಿ ತೋರಿಸಿದರು. ಒಂದು ಗುಹೆಯಲ್ಲಿ ಒಂದು ಜೀನ್ ಕೆಟ್ಟಿದೆ, ಇನ್ನೊಂದು ಗುಹೆಯಲ್ಲಿ ಬೇರೆ ಜೀನ್ ಕೆಟ್ಟಿದೆ. ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಂದರೆ ಆ ಗುಹೆಗಳಲ್ಲಿ ಕಣ್ಣು ಬೇರೆ ಬೇರೆಯಾಗಿಯೇ ಹೋಗಿದೆ.

ಗುಹೆಯಾತ್ರಿ:
ಇಷ್ಟು ಬೇಗ ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ಫೋಟೋ ಹಾಕಿದ್ದೇನೆ. ಗುಹೆಯ ನೀರು ಕೆಳಗಿನ ಹೊಳೆಗೆ ಸೇರುತ್ತದೆ ಅಂತ ನಮ್ಮ ಅಂದಾಜು, ಆದರೆ ಪರೀಕ್ಷೆ ಮಾಡಿಲ್ಲ. ಹೊಳೆಯಲ್ಲಿ ಮೀಸೆ ಇರುವ ಸಣ್ಣ ಮೀನು ಇವೆ. ಈಗ ಹೇಳಿ, ಮೊದಲ ಹೆಜ್ಜೆ ಏನು?

ಮೀನೆಣಿಕೆ:
ಫೋಟೋ ನೋಡಿದೆ. ಲೋಚ್ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅದಕ್ಕಿಂತ ಮುಂದೆ ಫೋಟೋದಿಂದ ಹೋಗಲು ಆಗದು.

ಮೊದಲ ಹೆಜ್ಜೆ ಮೀನು ಹಿಡಿಯುವುದಲ್ಲ. ಒಂದು ಸಂಗ್ರಹಾಲಯದಲ್ಲೋ ವಿಶ್ವವಿದ್ಯಾಲಯದಲ್ಲೋ ಈ ಗುಂಪಿನ ಮೀನನ್ನೇ ಅಭ್ಯಾಸ ಮಾಡುವವರನ್ನು ಹುಡುಕಿ ಬರೆಯಿರಿ. ಅವರಿಗೆ ಅನುಮತಿ ಪಡೆಯುವ ದಾರಿ ಗೊತ್ತಿರುತ್ತದೆ. ಅನುಮತಿ ಇಲ್ಲದೆ ಹಿಡಿದರೆ ಕಾನೂನಿನ ತೊಂದರೆ ಒಂದು ಕಡೆ, ಆ ಮೀನನ್ನು ಯಾವ ಒಳ್ಳೆಯ ಪತ್ರಿಕೆಯೂ ಮುಟ್ಟುವುದಿಲ್ಲ ಅನ್ನುವುದು ಇನ್ನೊಂದು ಕಡೆ.

ಹಿಡಿಯುವ ದಿನ ಬಂದಾಗ ಕ್ರಮ ಬಹಳ ಮುಖ್ಯ. ಜೀವಂತ ಇರುವಾಗಲೇ ಬಣ್ಣದ ಫೋಟೋ ತೆಗೆಯಿರಿ, ಸತ್ತ ಮೇಲೆ ಬಣ್ಣ ಉಳಿಯುವುದಿಲ್ಲ. ಆಮೇಲೆ ಮತ್ತು ಬರಿಸುವ ಔಷಧಿ ಹಾಕಿದ ನೀರಿನಲ್ಲಿ ಇಡಬೇಕು. ಈಜುರೆಕ್ಕೆಯ ಚಿಕ್ಕ ಚೂರನ್ನು ಕತ್ತರಿಸಿ ಶೇ. 95ರ ಎಥನಾಲ್‌ನಲ್ಲಿ ಹಾಕಬೇಕು, ಅದು ಡಿಎನ್‌ಎಗೆ. ಅದಾದ ಮೇಲೆಯೇ ಮೀನು ಫಾರ್ಮಾಲಿನ್‌ಗೆ. ಮೊದಲೇ ಫಾರ್ಮಾಲಿನ್‌ಗೆ ಹಾಕಿದರೆ ಮೈ ಆಕಾರ ಚೆನ್ನಾಗಿ ಉಳಿಯುತ್ತದೆ, ಡಿಎನ್‌ಎ ಕೆಟ್ಟುಹೋಗುತ್ತದೆ. ಮುಂದೆ ಶಾಶ್ವತವಾಗಿ ಇಡುವುದು ಶೇ. 70ರ ಎಥನಾಲ್‌ನಲ್ಲಿ.

ಒಮ್ಮೆ ಒಬ್ಬರು ತುಂಬ ದೂರದ ಗುಹೆಯಿಂದ ಮೂರು ಮೀನು ತಂದುಕೊಟ್ಟಿದ್ದರು. ಮೂರೂ ನೇರ ಫಾರ್ಮಾಲಿನ್‌ನಲ್ಲಿ. ಬಾಟಲಿಯ ಮೇಲೆ ಜಾಗದ ಹೆಸರೂ ಇಲ್ಲ, ತಾರೀಖೂ ಇಲ್ಲ. ಆ ಮೀನುಗಳು ಸತ್ತದ್ದು ಯಾವ ಉಪಯೋಗಕ್ಕೂ ಬರಲಿಲ್ಲ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ನೀರಹನಿ:
ಕ್ಷಮಿಸಿ, ಇಲ್ಲಿ ನನಗೆ ಕೋಪ ಬರುತ್ತಿದೆ. ಸಾವಿರಾರು ವರ್ಷ ಯಾರ ತಂಟೆಗೂ ಹೋಗದೆ ಬದುಕಿದ ಹನ್ನೊಂದು ಮೀನು. ಅವನ್ನು ಹಿಡಿದು ಬಾಟಲಿಗೆ ಹಾಕುವುದು ಯಾಕೆ? ಫೋಟೋ ಇದೆ, ವಿಡಿಯೋ ಇದೆ. ರೆಕ್ಕೆಯ ಚೂರು ತೆಗೆದು ಬಿಟ್ಟುಬಿಡಿ!

ಮೀನೆಣಿಕೆ:
ನಿಮ್ಮ ಕೋಪ ನನಗೆ ಅರ್ಥ ಆಗುತ್ತದೆ. ಆದರೂ ವಾದ ಮಾಡುತ್ತೇನೆ.

ಪ್ರಭೇದಕ್ಕೆ ಹೆಸರಿಡುವಾಗ ಒಂದೇ ಒಂದು ಮೀನನ್ನು ಆ ಹೆಸರಿಗೆ ಗಂಟು ಹಾಕುತ್ತಾರೆ. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ನೂರು ವರ್ಷದ ಮೇಲೆ ಯಾರಿಗಾದರೂ ಅನುಮಾನ ಬಂದರೆ ಆ ಮೀನನ್ನೇ ತೆಗೆದು ನೋಡಬಹುದು. ಲೋಚ್‌ಗಳಲ್ಲಿ ವ್ಯತ್ಯಾಸ ಇರುವುದು ತುಟಿಯ ಮೇಲಿನ ಗುಳ್ಳೆಗಳಲ್ಲಿ, ಈಜುರೆಕ್ಕೆಯ ಕಡ್ಡಿಗಳ ಲೆಕ್ಕದಲ್ಲಿ, ಬೆನ್ನುಮೂಳೆಯ ಮಣಿಗಳಲ್ಲಿ, ಒಳಗಿನ ಗಾಳಿಚೀಲದ ಮೂಳೆಗೂಡಿನಲ್ಲಿ. ಇದು ಯಾವುದೂ ನಿಮ್ಮ ವಿಡಿಯೋದಲ್ಲಿ ಕಾಣುವುದಿಲ್ಲ. ಈಗ ಸಿಟಿ ಸ್ಕ್ಯಾನ್‌ನಿಂದ ಮೀನನ್ನು ಕೊಯ್ಯದೆ ಮೂಳೆ ನೋಡಬಹುದು. ಹಾಗಾಗಿ ಮೊದಲಿನಷ್ಟು ಮೀನು ಬೇಕಿಲ್ಲ.

ಜೀನ್‌ಜಾಡು:
ಒಂದು ತಿದ್ದುಪಡಿ. ಸ್ಪೆಸಿಮನ್ (ಮೀನಿನ ಮಾದರಿ) ಉಳಿಸಿಕೊಳ್ಳದೆ ಫೋಟೋದ ಆಧಾರದ ಮೇಲೆ ಹೆಸರಿಡುವುದನ್ನು ನಾಮಕರಣದ ನಿಯಮಗಳು ಪೂರ್ತಿ ತಡೆಯುವುದಿಲ್ಲ. ವಿಶೇಷ ಸಂದರ್ಭದಲ್ಲಿ ದಾರಿ ಇದೆ. ಆದರೆ ಅದರ ಬಗ್ಗೆ ಬಹಳ ಜಗಳ ಇದೆ, ಲೋಚ್‌ನಂಥ ಮೀನಿಗೆ ನಾನೂ ಒಪ್ಪುವುದಿಲ್ಲ.

ನೀರಹನಿ:
ಹನ್ನೊಂದರಲ್ಲಿ ಎಷ್ಟು ತೆಗೆಯುತ್ತೀರಿ? ಅದಕ್ಕೆ ಉತ್ತರ ಕೊಡಿ.

ಸುಣ್ಣಕಲ್ಲು:
ಇಲ್ಲಿ ನೀರಹನಿ ಅವರ ಜೊತೆ ನಾನಿದ್ದೇನೆ. ನಾನು ಅಂತರ್ಜಲ ನೋಡುವವನು, ಮೀನಿನವನಲ್ಲ. ಮಡುವಿನಲ್ಲಿ ಕಂಡ ಹನ್ನೊಂದೇ ಒಟ್ಟು ಲೆಕ್ಕ ಅಲ್ಲ, ಅದು ನಿಜ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಮನುಷ್ಯ ಹೋಗಲಾಗದ ನೀರು ಎಷ್ಟೋ ಇರುತ್ತದೆ, ಮಡು ಅದರ ಕಿಟಕಿ ಮಾತ್ರ. ಆದರೆ ಕೆಲವು ಗುಹೆ ಮೀನುಗಳು ನಿಜಕ್ಕೂ ಬಹಳ ಕಡಿಮೆ. ಅಮೆರಿಕದ ಅಲಬಾಮಾ ಗುಹೆ ಮೀನು 1974ರಲ್ಲಿ ವಿಜ್ಞಾನಕ್ಕೆ ಗೊತ್ತಾಯಿತು. ಅದು ಇರುವುದು ಒಂದೇ ಗುಹೆಯಲ್ಲಿ. ಗುಹೆ ಮೀನುಗಳು ಸಾಮಾನ್ಯವಾಗಿ ನಿಧಾನ ಬೆಳೆಯುತ್ತವೆ, ಕಡಿಮೆ ಮೊಟ್ಟೆ ಇಡುತ್ತವೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲು ಅವುಗಳಿಗೆ ಆಗದು.

ಅದಕ್ಕೇ ನನ್ನ ಸಲಹೆ: ಮೊದಲು ಎರಡು ಮೂರು ಸಲ, ಬೇರೆ ಬೇರೆ ಋತುವಿನಲ್ಲಿ ಹೋಗಿ ಬರೀ ಎಣಿಸಿ. ಮರಿಗಳು ಇವೆಯೇ ನೋಡಿ. ಆಮೇಲೆ ತೆಗೆಯುವ ಮಾತು.

ಮೀನೆಣಿಕೆ:
ಇದಕ್ಕೆ ನಾನೂ ಒಪ್ಪುತ್ತೇನೆ. ಮೊದಲ ಸಲಕ್ಕೆ ಎರಡು ಮೀನು ಸಾಕು. ಉಳಿದವುಗಳಿಂದ ರೆಕ್ಕೆಯ ಚೂರು ಮಾತ್ರ. ಮರಿಗಳೇ ಕಾಣದಿದ್ದರೆ ಒಂದನ್ನೂ ತೆಗೆಯಬೇಡಿ.

ಕತ್ತಲೆಕೋಣೆ:
ಜಾಗ ಎಲ್ಲಿ ಅಂತ ಹೇಳಬಹುದಾ? ನಾನೂ ಒಂದು ಸಲ ನೋಡಬೇಕು.

ಸುಣ್ಣಕಲ್ಲು:
ದಯವಿಟ್ಟು ಬೇಡ, ಗುಹೆಯಾತ್ರಿ ಅವರೇ. ಫೋಟೋಗಳಲ್ಲಿ ಜಾಗದ ಗುರುತು ಅಡಗಿರುತ್ತದೆ, ಅದನ್ನೂ ತೆಗೆದು ಹಾಕಿ. ಅಪರೂಪದ ಮೀನು ಅಂದರೆ ಹಿಡಿದು ಮಾರುವವರು ಬರುತ್ತಾರೆ. ಕೆಟ್ಟ ಉದ್ದೇಶ ಇಲ್ಲದವರೂ ನೂರು ಜನ ಬಂದು ತಳದ ಕೆಸರು ಕಲಕಿದರೆ ಅಷ್ಟೇ ಸಾಕು. ಕತ್ತಲೆಕೋಣೆ ಅವರೇ, ನಿಮ್ಮ ಮೇಲೆ ಅನುಮಾನ ಅಲ್ಲ, ಬರೆದದ್ದನ್ನು ಎಲ್ಲರೂ ಓದುತ್ತಾರೆ.

ಕತ್ತಲೆಕೋಣೆ:
ಅದು ಹೊಳೆದಿರಲಿಲ್ಲ. ಕೇಳಿದ್ದು ತಪ್ಪಾಯಿತು.

ಬಾವಲಿಬಳಗ:
ಗುಹೆಯಿಂದ ಗುಹೆಗೆ ಹೋಗುವವರು ಬಟ್ಟೆ, ಬೂಟು, ಹಗ್ಗ ತೊಳೆದು ಸೋಂಕು ತೆಗೆಯುತ್ತೀರಾ? 2006ರಲ್ಲಿ ನ್ಯೂಯಾರ್ಕ್ ಕಡೆಯ ಒಂದು ಗುಹೆಯಲ್ಲಿ ಬಾವಲಿಗಳ ಮೂಗಿನ ಮೇಲೆ ಬಿಳಿ ಬೂಷ್ಟು ಕಂಡಿತು. ಆಮೇಲೆ ಉತ್ತರ ಅಮೆರಿಕದಲ್ಲಿ ಲಕ್ಷಾಂತರ ಬಾವಲಿ ಸತ್ತವು. ಬಾವಲಿ ಹಿಕ್ಕೆ ನಂಬಿ ಬದುಕುವ ಗುಹೆಗಳಲ್ಲಿ ಬಾವಲಿ ಹೋದರೆ ನೀರಿನೊಳಗಿನ ಊಟವೂ ಹೋಗುತ್ತದೆ. ಮೀನಿನ ಚರ್ಚೆಯಲ್ಲಿ ಬಾವಲಿ ತಂದೆ ಅಂತ ಬೇಜಾರಾಗಬೇಡಿ.

ಗುಹೆಯಾತ್ರಿ:
ಬೇಜಾರಿಲ್ಲ, ಒಳ್ಳೆಯ ಮಾತು. ನಾವು ಬೂಟು ತೊಳೆಯುತ್ತೇವೆ, ಹಗ್ಗ ತೊಳೆಯುತ್ತಿರಲಿಲ್ಲ. ಇನ್ನು ಮುಂದೆ ತೊಳೆಯುತ್ತೇವೆ.

ಪದಪ್ರೀತಿ:
ಹೆಸರಿನ ವಿಷಯಕ್ಕೆ ಬರೋಣ. ಹೆಸರನ್ನು ಅಂತರರಾಷ್ಟ್ರೀಯ ಸಮಿತಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು ಅಲ್ವಾ? ಅದಕ್ಕೆ ಎಷ್ಟು ದಿನ ಬೇಕು?

ಜೀನ್‌ಜಾಡು:
ಹಾಗೆ ಒಪ್ಪಿಗೆ ಕೊಡುವ ಸಮಿತಿ ಇಲ್ಲ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಆಯೋಗ ಇದೆ, ಅದು ನಿಯಮ ಮಾಡುತ್ತದೆ, ಜಗಳ ಬಂದರೆ ತೀರ್ಪು ಕೊಡುತ್ತದೆ. ಹೊಸ ಹೆಸರುಗಳನ್ನು ಒಂದೊಂದಾಗಿ ಮಂಜೂರು ಮಾಡುವುದಿಲ್ಲ. ನಿಯಮದ ಪ್ರಕಾರ ವಿವರಣೆ ಬರೆದು, ಹೋಲೋಟೈಪ್ ಯಾವುದು, ಎಲ್ಲಿಟ್ಟಿದೆ ಅಂತ ಹೇಳಿ ಪ್ರಕಟಿಸಿದರೆ ಹೆಸರು ಬಳಕೆಗೆ ಬಂದ ಹಾಗೆ. ಬರೀ ಅಂತರ್ಜಾಲದಲ್ಲಿ ಬರುವ ಪತ್ರಿಕೆಯಾದರೆ ಮೊದಲು ಪ್ರಾಣಿಗಳ ಹೆಸರಿನ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಬೇಕು. ಒಂದೇ ಪ್ರಾಣಿಗೆ ಇಬ್ಬರು ಹೆಸರಿಟ್ಟರೆ ಸಾಮಾನ್ಯವಾಗಿ ಮೊದಲು ಬಂದದ್ದೇ ಉಳಿಯುತ್ತದೆ.

ಮೀನೆಣಿಕೆ:
ಗಂಡಸಿನ ಹೆಸರಿಟ್ಟರೆ ಕೊನೆಗೆ ಇ, ಹೆಂಗಸಿನದಾದರೆ ಎ, ಹಲವರದ್ದಾದರೆ ಓರಮ್, ಬರೀ ಹೆಂಗಸರದ್ದಾದರೆ ಆರಮ್ ಬರುತ್ತದೆ. ತನ್ನ ಹೆಸರನ್ನೇ ಇಟ್ಟುಕೊಳ್ಳಬಾರದು ಅಂತ ನಿಯಮ ಇಲ್ಲ, ಆದರೆ ಯಾರೂ ಹಾಗೆ ಮಾಡುವುದಿಲ್ಲ.

ತೊರೆದಂಡೆ:
ಮಡಗಾಸ್ಕರಿನ ಒಂದು ಕುರುಡು ಮೀನಿಗೆ 2012ರಲ್ಲಿ ಟಿಫ್ಲಿಯೋಟ್ರಿಸ್ ಮರಾರಿಬೆ ಅಂತ ಹೆಸರಿಟ್ಟರು. ಅಲ್ಲಿನ ಭಾಷೆಯಲ್ಲಿ ಮರಾರಿಬೆ ಅಂದರೆ ದೊಡ್ಡ ಕಾಯಿಲೆ. ಹುಡುಕಲು ಹೋದವರಿಗೆ ಜೋರು ಜ್ವರ ಬಂದಿತ್ತು. ಇನ್ನೊಂದು ವಿಶೇಷ, ಆ ಮೀನು ಬಿಳಿ ಅಲ್ಲ, ಕಡು ಬಣ್ಣದ್ದು. ಗುಹೆ ಮೀನೆಲ್ಲ ಬಿಳಿ ಅನ್ನುವವರಿಗೆ ಉತ್ತರ.

ಪದಪ್ರೀತಿ:
ಕೇರಳದ ಬಾವಿಗಳ ಮೀನಿಗೂ ಮಹಾಬಲಿ ಅಂತ ಹೆಸರಿದೆ ಅಲ್ವಾ? ಪಾತಾಳಕ್ಕೆ ಹೋದ ಮಹಾಬಲಿ. ಎಷ್ಟು ಚೆನ್ನಾಗಿ ಹೊಂದುತ್ತದೆ!

ಜೀನ್‌ಜಾಡು:
ಹೌದು, ಎನಿಗ್ಮಚನ್ನಾ ಮಹಾಬಲಿ, 2019. ಅದೇ ಕುಲದ ಮೊದಲ ಮೀನು ಬೆಳಕಿಗೆ ಬಂದದ್ದೂ ಒಂದು ಫೋಟೋದಿಂದಲೇ. 2018ರ ಪ್ರವಾಹದ ನಂತರ ಗದ್ದೆಯಲ್ಲಿ ಸಿಕ್ಕಿದ ಮೀನಿನ ಫೋಟೋವನ್ನು ಒಬ್ಬರು ಜಾಲತಾಣದಲ್ಲಿ ಹಾಕಿದ್ದರು. 2020ರಲ್ಲಿ ಅದಕ್ಕೆ ಹೊಸ ಕುಟುಂಬವನ್ನೇ ಮಾಡಬೇಕಾಯಿತು. ಮೀನಿನಲ್ಲಿ ಹೊಸ ಪ್ರಭೇದ ಆಗಾಗ ಸಿಗುತ್ತವೆ, ಹೊಸ ಕುಟುಂಬ ಬಹಳ ಅಪರೂಪ.

ಅಲ್ಲಿನ ಇನ್ನೊಂದು ಮೀನಿನ ಕುಲ ಹೊರಾಗ್ಲಾನಿಸ್. ಕಣ್ಣಿಲ್ಲದ ಪುಟ್ಟ ಕೆಂಪು ಮೀನು. ಮೊದಲನೆಯದಕ್ಕೆ 1950ರಲ್ಲಿ ಹೆಸರು ಬಂತು. ನಾಲ್ಕನೆಯದು 2023ರದ್ದು, ಹೆಸರು ಹೊರಾಗ್ಲಾನಿಸ್ ಪಾಪ್ಯುಲಿ, ಅಂದರೆ ಜನರ ಮೀನು. ಬಾವಿ, ಟ್ಯಾಂಕ್, ನಲ್ಲಿ ನೀರಿನಲ್ಲಿ ಕಂಡದ್ದನ್ನು ಸಾಮಾನ್ಯ ಜನರೇ ವರ್ಷಗಟ್ಟಲೆ ಸಂಶೋಧಕರಿಗೆ ತಿಳಿಸಿದರು, ಅವರ ಗೌರವಕ್ಕೆ. ಗುಹೆಯಾತ್ರಿ ಅವರೇ, ಹವ್ಯಾಸಿಗಳು ಅಂತ ಹಿಂಜರಿಯಬೇಡಿ.

ಕತ್ತಲೆಕೋಣೆ:
ನೋಡಿದ ದಿನದಿಂದ ಹೆಸರು ಬರುವವರೆಗೆ ಎಷ್ಟು ಕಾಲ ಹಿಡಿಯುತ್ತದೆ?

ಮೀನೆಣಿಕೆ:
ಮೇಘಾಲಯದ ಉದಾಹರಣೆ ನೋಡಿ. ಉಮ್ ಲಡಾವ್ ಗುಹೆಯಲ್ಲಿ 40 ಸೆಂಟಿಮೀಟರ್ ದಾಟುವ ಕುರುಡು ಮೀನುಗಳನ್ನು 2019ರಲ್ಲಿ ನೋಡಿದರು. ನೆಲದೊಳಗೆ ಬಾಳುವ ಮೀನುಗಳಲ್ಲೇ ಅತಿ ದೊಡ್ಡದು. ಮೊದಲ ನೋಟಕ್ಕೆ ಅದು ಹೊಂಬಣ್ಣದ ಮಹಶೀರ್‌ನ ಹತ್ತಿರದ ನೆಂಟ ಅನ್ನಿಸಿತ್ತು. ಆತುರಪಟ್ಟು ಹೆಸರಿಟ್ಟಿದ್ದರೆ ಬೇರೆ ಕುಲದ ಹೆಸರು ಅಂಟಿಕೊಳ್ಳುತ್ತಿತ್ತು. ಸಾವಕಾಶವಾಗಿ ನೋಡಿದ ಮೇಲೆ ಅದು ನಿಯೊಲಿಸೊಕೈಲಸ್ ಕುಲದ್ದು ಅಂತ ತಿಳಿಯಿತು. 2023ರಲ್ಲಿ ನಿಯೊಲಿಸೊಕೈಲಸ್ ಪ್ನಾರ್ ಅಂತ ಹೆಸರಿಟ್ಟರು, ಅಲ್ಲಿನ ಪ್ನಾರ್ ಜನರ ನೆನಪಿಗೆ. ನಾಲ್ಕು ವರ್ಷ.

ತೊರೆದಂಡೆ:
ಹೆಸರು ಬರದೇ ಇರುವುದೂ ಉಂಟು. ಜರ್ಮನಿಯಲ್ಲಿ 2015ರಲ್ಲಿ ಮುಳುಗುಗಾರರೊಬ್ಬರು ನೀರು ತುಂಬಿದ ಗುಹೆಯಲ್ಲಿ ಲೋಚ್ ನೋಡಿದರು. ಯುರೋಪಿನ ಮೊದಲ ಗುಹೆ ಮೀನು. 2017ರಲ್ಲಿ ಪ್ರಕಟವಾದಾಗ ದೊಡ್ಡ ಸುದ್ದಿ. ಕಣ್ಣು ಚಿಕ್ಕದಾಗಿದೆ, ಬಣ್ಣ ಮಾಸಿದೆ, ಮೀಸೆ ಉದ್ದವಾಗಿದೆ. ಹಿಮಯುಗದ ಹಿಮಗಡ್ಡೆ ಕರಗಿದ ಮೇಲೆ ಒಳಗೆ ಹೋದದ್ದು, ಹೆಚ್ಚೆಂದರೆ 20,000 ವರ್ಷ. ಹಾಗಂತ ಅವಸರದಿಂದ ಹೊಸ ಪ್ರಭೇದ ಅನ್ನಲಿಲ್ಲ. ನಿಮ್ಮ ಮೀನೂ ಲೋಚ್ ಆದ್ದರಿಂದ ಹೇಳಿದೆ.

ಗುಹೆಯಾತ್ರಿ:
ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆಯೇ ಮಾಡಿದೆವು. ಒಬ್ಬ ಸಂಶೋಧಕರು ಸಿಕ್ಕರು, ಅನುಮತಿ ಅವರೇ ಪಡೆದರು. ಎರಡು ಸಲ ಬರೀ ಎಣಿಸಿ ಬಂದೆವು: ಒಮ್ಮೆ ಒಂಬತ್ತು, ಒಮ್ಮೆ ಹದಿನಾಲ್ಕು. ಎರಡನೇ ಸಲ ಉಗುರುದ್ದದ ಮರಿಗಳು ಕಂಡವು. ಅವತ್ತು ನಾವು ಗುಹೆಯಲ್ಲೇ ಕೂಗಿಬಿಟ್ಟೆವು! ಮೂರನೇ ಸಲ ಸಂಶೋಧಕರು ಎರಡು ಮೀನು ತೆಗೆದರು, ಐದರಿಂದ ರೆಕ್ಕೆಯ ಚೂರು. ನೀರಹನಿ ಅವರೇ, ಆ ಎರಡನ್ನು ಬಾಟಲಿಗೆ ಹಾಕುವಾಗ ನಿಮ್ಮ ಮಾತು ನೆನಪಾಯಿತು. ಸುಲಭ ಅನ್ನಿಸಲಿಲ್ಲ.

ಡಿಎನ್‌ಎ ವರದಿ ಬಂದಿದೆ. ಪ್ರಭೇದ ಗುರುತಿಸಲು ಓದುವ ಸಿಒಐ ಜೀನ್ ಅಂತೆ, ಡಿಎನ್‌ಎಯ 650ರಷ್ಟು ಅಕ್ಷರ ಓದಿದ್ದಾರೆ. ಕೆಳಗಿನ ಹೊಳೆಯ ಕಣ್ಣಿರುವ ಲೋಚ್‌ಗೂ ನಮ್ಮ ಮೀನಿಗೂ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ತಂಡದಲ್ಲಿ ಒಬ್ಬರಿಗೆ ತುಂಬ ನಿರಾಸೆ. "ಹೊಸದಲ್ಲ, ಮುಗಿಯಿತು" ಅನ್ನುತ್ತಾರೆ. ನಿಜವಾಗಿ ಮುಗಿಯಿತೇ?

ಕತ್ತಲೆಕೋಣೆ:
ಶೇ. 2ಕ್ಕಿಂತ ಕಡಿಮೆ ಇದ್ದರೆ ಒಂದೇ ಪ್ರಭೇದ ಅಂತ ಓದಿದ್ದೆ. ಮೊದಲ ದಿನ ನಾನು ಹೇಳಿದ್ದು ತಪ್ಪು ಅಂತಾಯಿತು.

ಜೀನ್‌ಜಾಡು:
ಆ ಶೇ. 2 ಒಂದು ಅಂದಾಜಿನ ಗೆರೆ, ಕಾನೂನಲ್ಲ. ಮುಗಿದಿಲ್ಲ! ಸಿಒಐ ಇರುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೋಕಾಂಡ್ರಿಯದಲ್ಲಿ, ತಾಯಿಯಿಂದ ಮಾತ್ರ ಬರುತ್ತದೆ. ಯಾವಾಗಲೋ ಪ್ರವಾಹದಲ್ಲಿ ಹೊಳೆಯ ಹೆಣ್ಣು ಮೀನು ಒಳಗೆ ಬಂದು ಕೂಡಿದ್ದರೆ, ಹಳೆಯ ಗುಹೆ ವಂಶಕ್ಕೂ ಹೊಳೆಯ ಸಿಒಐ ಅಂಟಿಕೊಳ್ಳಬಹುದು. ಮೆಕ್ಸಿಕೋ ಮೀನಿನಲ್ಲಿ ಹೀಗೆ ಆಗಿದೆ. ತೀರಾ ಇತ್ತೀಚೆಗೆ ಬೇರೆಯಾದ ಪ್ರಭೇದಗಳಲ್ಲೂ ಸಿಒಐ ಹತ್ತಿರವೇ ಇರುತ್ತದೆ. ಜೀವಕೋಶದ ಕೇಂದ್ರದೊಳಗಿನ (ನ್ಯೂಕ್ಲಿಯಸ್‌ನ) ಡಿಎನ್‌ಎ ನೋಡಲು ಕೇಳಿ.

ಮೀನೆಣಿಕೆ:
ಮೂಳೆಯ ಸ್ಕ್ಯಾನ್ ಆಗುವವರೆಗೆ ನಾನು ಯಾವ ಕಡೆಗೂ ಮಾತಾಡುವುದಿಲ್ಲ. ಇನ್ನೊಂದು ವಿಷಯ. ಹೊಸ ಪ್ರಭೇದ ಅಲ್ಲ ಅಂತಾದರೂ ನಿರಾಸೆ ಯಾಕೆ? ಕಣ್ಣಿರುವ ಮೀನು ಹೊರಗೆ, ಕಣ್ಣಿಲ್ಲದ್ದು ಒಳಗೆ, ಎರಡೂ ಇಷ್ಟು ಹತ್ತಿರದ ನೆಂಟರು. ಕಣ್ಣು ಹೋಗುವ ಕೆಲಸ ನಡೆಯುತ್ತಿರುವಾಗಲೇ ನೋಡುವ ಅವಕಾಶ ಇದು. ಮೆಕ್ಸಿಕೋ ಮೀನು ಇಷ್ಟು ಹೆಸರಾದದ್ದು ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ಹೊಸ ಹೆಸರಿಗಿಂತ ಇದು ದೊಡ್ಡದು.

ಸುಣ್ಣಕಲ್ಲು:
ನೀರು ನಿಜವಾಗಿ ಆ ಹೊಳೆಗೇ ಸೇರುತ್ತದೆಯೇ ಅಂತ ಈಗಲಾದರೂ ಬಣ್ಣ ಬಿಟ್ಟು ಪರೀಕ್ಷೆ ಮಾಡಿಸಿ. ಅಪಾಯ ಇಲ್ಲದ ಹಸಿರು ಬಣ್ಣ ಬರುತ್ತದೆ, ತಿಳಿದವರ ಕೈಯಲ್ಲಿ ಮಾಡಿಸಬೇಕು. ಪ್ರಭೇದ ಯಾವುದೇ ಇರಲಿ, ಮೇಲಿನ ನೆಲದಲ್ಲಿ ಚೆಲ್ಲಿದ ವಿಷ ಆ ಮಡುವಿಗೆ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಅಂತ ಗೊತ್ತಿರಬೇಕು.

ನೀರಹನಿ:
ಮರಿಗಳ ಫೋಟೋ ಇದೆಯೇ?

ಗುಹೆಯಾತ್ರಿ:
ಒಂದೇ ಇದೆ, ಸ್ವಲ್ಪ ಮಸುಕು. ಹಾಕಿದ್ದೇನೆ ನೋಡಿ. ಎಡಗಡೆಯ ಮರಿಯ ತಲೆಯ ಮೇಲೆ ಎರಡು ಸಣ್ಣ ಕಪ್ಪು ಚುಕ್ಕೆ ಕಾಣುತ್ತಿವೆ. ದೊಡ್ಡ ಮೀನುಗಳಲ್ಲಿ ಅವು ಇಲ್ಲ. ಮೀನೆಣಿಕೆ ಅವರೇ, ಜೀನ್‌ಜಾಡು ಅವರೇ, ಅದು ಕಣ್ಣೇ?

ಜೀನ್‌ಜಾಡು:
ಫೋಟೋ ದೊಡ್ಡದು ಮಾಡಿ ಈಗಲೇ ನೋಡುತ್ತಿದ್ದೇನೆ. ಮೂಲ ಫೈಲ್ ಸಂಶೋಧಕರಿಗೆ ಇವತ್ತೇ ಕಳಿಸಿ.